ಇಗ್ಬೊ ಹಿರಿಯರಿಗೆ ಜಿಡಿಎಸ್-15: ಐದು ಪ್ರಶ್ನೆ ಉಲ್ಟಾ ಬರುತ್ತಿವೆ, ಮೊತ್ತ ಮೇಲೇಳುತ್ತಿಲ್ಲ

(ಸರಾಸರಿ, ಅಳತೆಗೋಲು, ಕ್ಷೇತ್ರಕಾರ್ಯ: ಈ ಚರ್ಚೆಯಲ್ಲಿ ಮಾತಾಡುವವರ ಅಡ್ಡಹೆಸರುಗಳು.)

ಸರಾಸರಿ:
ನೈಜೀರಿಯಾದ ಎನುಗು ರಾಜ್ಯದ ಹಳ್ಳಿಗಳಲ್ಲಿ 60 ದಾಟಿದವರ ಖಿನ್ನತೆ ತಪಾಸಣೆ. ಜಿಡಿಎಸ್-15 (ಹಿರಿಯರ ಖಿನ್ನತೆ ಅಳೆಯುವ 15 ಹೌದು/ಇಲ್ಲ ಪ್ರಶ್ನೆಗಳು), ಪಿಎಚ್‌ಕ್ಯೂ-9 (ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆ, ತಲಾ 0–3 ಅಂಕ) ಎರಡೂ ಅಲ್ಲಿನ ಇಗ್ಬೊ ಭಾಷೆಗೆ ಅನುವಾದವಾಗಿ, ಮರು ಅನುವಾದದ ಪರಿಶೀಲನೆಯೂ ಆಗಿದೆ. ಸಂದರ್ಶಕರೇ ಪ್ರಶ್ನೆ ಓದಿ ಹೇಳುತ್ತಾರೆ. ಪ್ರಾಯೋಗಿಕ ಸುತ್ತಿನಲ್ಲಿ ಜಿಡಿಎಸ್‌ನ 1, 5, 7, 11, 13ನೇ ಪ್ರಶ್ನೆಗಳಿಗೆ ಉಳಿದವುಗಳ ಮೊತ್ತದ ಜೊತೆ ಋಣ ಸಹಸಂಬಂಧ ಬಂದಿದೆ, ಅಂದರೆ ಒಂದು ಏರಿದರೆ ಇನ್ನೊಂದು ಇಳಿಯುತ್ತಿದೆ. ಬಹುತೇಕರ ಮೊತ್ತ 5ರ ಕೆಳಗೇ ಇದೆ (ಖಿನ್ನತೆ ಇರಬಹುದು ಎಂದು ಗುರುತಿಸುವ ಕನಿಷ್ಠ ಅಂಕ, ಅಂದರೆ ಕಟ್-ಆಫ್, 5). ಸಾವಿನ, ಆತ್ಮಹಾನಿಯ ಯೋಚನೆ ಕೇಳುವ ಪಿಎಚ್‌ಕ್ಯೂ 9ನೇ ಪ್ರಶ್ನೆಗೆ ಎಲ್ಲರದೂ ಸೊನ್ನೆ. ಕಟ್-ಆಫ್ ಇಳಿಸಿದರೆ ಸರಿಹೋಗುತ್ತದೆಯೇ?

ಅಳತೆಗೋಲು:
ಕಟ್-ಆಫ್ ಈಗಲೇ ಮುಟ್ಟಬೇಡಿ ಸರ್. ನೀವು ಹೆಸರಿಸಿದ ಐದಕ್ಕೆ ಮಾತ್ರ 'ಇಲ್ಲ' ಎಂದರೆ ಒಂದು ಅಂಕ, ಉಳಿದ ಹತ್ತಕ್ಕೆ 'ಹೌದು' ಎಂದರೆ. ಉತ್ತರ ದಾಖಲಿಸುವ ಆ್ಯಪ್ ಎಲ್ಲ 'ಹೌದು'ಗಳಿಗೂ 1 ಕೊಟ್ಟಿದ್ದರೆ ಇದೇ ಚಿತ್ರ ಬರುತ್ತದೆ. ಮೂಲ ಉತ್ತರಗಳಿಂದ ಅಂಕ ಮತ್ತೆ ಲೆಕ್ಕ ಹಾಕಿ.

ಅದು ಸರಿಯಿದ್ದರೆ ರೆಕಾರ್ಡಿಂಗ್ ಕೇಳಿ. "ತೃಪ್ತಿ ಇದೆಯೇ" ಎನ್ನುವುದು ಓದುವವರ ಬಾಯಲ್ಲಿ "ತೃಪ್ತಿ ಇಲ್ಲವೇ" ಆಗಿರುವ ಸಾಧ್ಯತೆ ಹೆಚ್ಚು. ನಾವು "ಊಟ ಆಗಿಲ್ವಾ?" ಎಂದರೆ "ಹ್ಞೂಂ, ಆಗಿಲ್ಲ" ಅನ್ನುತ್ತೇವಲ್ಲ, ಇಗ್ಬೊದಲ್ಲೂ ಹಾಗೇ: ನಕಾರದ ಪ್ರಶ್ನೆಗೆ 'ಹೌದು' ಎಂದರೆ ಆ ನಕಾರಕ್ಕೆ ಒಪ್ಪಿಗೆ. ಹದಿನೈದೂ ಪ್ರಶ್ನೆಗಳಲ್ಲಿ ಕ್ರಿಯಾಪದ ನಕಾರದಲ್ಲಿ ಇರಬಾರದು. ಉತ್ತರವನ್ನು ಒಂಟಿ ಪದದಲ್ಲಿ ಅಲ್ಲ, ಪೂರ್ತಿ ವಾಕ್ಯದಲ್ಲಿ ಹೇಳಿಸಿ ಗುರುತು ಹಾಕಲಿ.

ಮೊತ್ತ ಏಳದಿರುವುದಕ್ಕೆ ಕಾರಣ ಬೇರೆ. "ಬದುಕು ಬರಿದಾಗಿದೆ ಅನಿಸುತ್ತದೆಯೇ" ಎಂದ ಕೂಡಲೇ "ತುಫಿಯಾಕ್ವಾ!" ಎಂಬ ಉದ್ಗಾರ ಬರುತ್ತದೆ. ಕೆಟ್ಟ ಮಾತನ್ನು ದೂರ ತಳ್ಳುವ ಪರಿ ಅದು, ಮನಸ್ಸಿನ ವರದಿಯಲ್ಲ. ಅದನ್ನು 'ಇಲ್ಲ' ಎಂದು ಬರೆದುಕೊಂಡರೆ ಖಿನ್ನತೆ ಇರುವವರೂ ಜಾರಿಹೋಗುತ್ತಾರೆ. "ನಿಮ್ಮ ವಯಸ್ಸಿನ ಕೆಲವರು ಹೀಗೆ ಅನಿಸುತ್ತದೆ ಅನ್ನುತ್ತಾರೆ, ಕೆಲವರು ಇಲ್ಲ ಅನ್ನುತ್ತಾರೆ, ನಿಮ್ಮದು ಯಾವುದಕ್ಕೆ ಹತ್ತಿರ?" ಎಂದು ಎರಡನೇ ಸಲ ಕೇಳಲು ಹಾಳೆಯಲ್ಲೇ ಬರೆದುಕೊಡಿ. 11ನೆಯದು, ಬದುಕಿರುವುದೇ ಸೊಗಸು ಅನಿಸುತ್ತದೆಯೇ ಎಂಬುದು, ಇನ್ನೂ ಕಷ್ಟ. ಚರ್ಚ್‌ಗೆ ನಡೆದುಕೊಳ್ಳುವ ಅಜ್ಜಿ ಅದಕ್ಕೆ 'ಇಲ್ಲ' ಅಂದರೆ ದೇವರಿಗೇ ಕೃತಘ್ನಳಾದಂತೆ. ಆದರೂ ಅದನ್ನು ಕಿತ್ತುಹಾಕಬೇಡಿ, ಬೇರೆ ಅಧ್ಯಯನಗಳ ಜೊತೆ ಹೋಲಿಕೆ ಕೈತಪ್ಪುತ್ತದೆ.

ಕ್ಷೇತ್ರಕಾರ್ಯ:
ಪಿಎಚ್‌ಕ್ಯೂನಲ್ಲಿ "ಎರಡು ವಾರ" ಏನಾಗಿದೆ ನೋಡಿ. 'ಇಝು ಅಬುಒ' (ಎರಡು ಇಝು) ಎಂದಿದ್ದರೆ ಹಿರಿಯರ ಲೆಕ್ಕದಲ್ಲಿ 8 ದಿನ ಆಗಬಹುದು. ಇಝು ಎಂದರೆ ಎಕೆ, ಒರಿಯೆ, ಆಫೊ, ನ್‌ಕ್ವೊ ಎಂಬ ನಾಲ್ಕು ಸಂತೆ ದಿನಗಳ ಸುತ್ತು. ಏಳು ದಿನಕ್ಕೆ 'ಇಝು ಉಕಾ', ಚರ್ಚಿನ ವಾರ. ಅದನ್ನು ಬಳಸಿ, ಜೊತೆಗೆ ಸಂತೆ ದಿನವನ್ನೂ ಹೇಳಿ: ಇಂದು ಎಕೆ ಆದರೆ 14 ದಿನ ಹಿಂದಿನದು ಆಫೊ.

0–3ರ ಮಾಪನ ಬಾಯಲ್ಲಿ ಹೇಳಿದರೆ ನಿಲ್ಲದು. 14 ತಾಳೆ ಬೀಜ ಮುಂದಿಟ್ಟು, ಹಾಗನಿಸಿದ ದಿನಗಳಷ್ಟು ಪಕ್ಕಕ್ಕೆ ಸರಿಸಲು ಹೇಳಿ. ದಿನ ಎಣಿಸುವ ಪಿಎಚ್‌ಕ್ಯೂ-8 (9ನೇ ಪ್ರಶ್ನೆ ಬಿಟ್ಟದ್ದು) ರೂಪದಲ್ಲಿ 0–1ಕ್ಕೆ 0, 2–6ಕ್ಕೆ 1, 7–11ಕ್ಕೆ 2, 12–14ಕ್ಕೆ 3 ಅಂಕ. ನಿದ್ದೆ, ಸುಸ್ತು, ಹಸಿವಿನ ಪ್ರಶ್ನೆಗಳು ಮಲೇರಿಯಾ, ಕೀಲುನೋವಿಗೂ ಏರುತ್ತವೆ. ಜಿಡಿಎಸ್‌ನಲ್ಲಿ ಅಂಥ ದೈಹಿಕ ಪ್ರಶ್ನೆಗಳನ್ನು ಬಹುಮಟ್ಟಿಗೆ ಬೇಕೆಂದೇ ಬಿಟ್ಟಿದ್ದಾರೆ (ಚೈತನ್ಯ ಕೇಳುವ 13ನೆಯದು ಮಾತ್ರ ಉಂಟು), ಹಾಗಾಗಿ ಎರಡರ ಫಲಿತಾಂಶ ಬೇರೆಯಾದರೆ ಗಾಬರಿ ಬೇಡ.

ಜಿಡಿಎಸ್ 6 (ಕೇಡಾಗುವ ಭಯ), 9 (ಮನೆಯಲ್ಲೇ ಇರುವ ಇಷ್ಟ) ಇವೆರಡಕ್ಕೆ ಸ್ಥಳೀಯ ಕಾರಣ ಉಂಟು. 2021ರಲ್ಲಿ ಆಗ್ನೇಯ ನೈಜೀರಿಯಾದಲ್ಲಿ ಸೋಮವಾರದ 'ಮನೆಯಲ್ಲೇ ಇರಿ' ಬಂದ್ ಶುರುವಾಗಿತ್ತು. ಅಂಥ ದಿನ ಹೊರಗೆ ಹೋಗದಿರುವುದು ಜಾಣತನ, ಲಕ್ಷಣವಲ್ಲ. "ಭಯ ಇಲ್ಲದ ದಿನ ಹೋಗಲು ಮನಸ್ಸಾಗುತ್ತದೆಯೇ" ಎಂದು ಕೆದಕಬೇಕು.

ಇನ್ನು ಪಿಎಚ್‌ಕ್ಯೂ 9ನೆಯದು. ಆತ್ಮಹತ್ಯೆ ಇಗ್ಬೊ ಸಂಪ್ರದಾಯದಲ್ಲಿ ಭೂಮಿತಾಯಿ 'ಅಲಾ'ಗೆ ಬಗೆದ ಅಪಚಾರ. ಯತ್ನವನ್ನು ಕ್ರಿಮಿನಲ್ ಕೋಡ್‌ನ 327ನೇ ಕಲಮು ಅಪರಾಧ ಎಂದಿದೆ. ಮಗ, ಸೊಸೆ ಪಕ್ಕದಲ್ಲಿ ಕೂತಿದ್ದರೆ ಸೊನ್ನೆಯೇ ಬರುತ್ತದೆ. ಒಬ್ಬರನ್ನೇ ಕೂರಿಸಿ, ಮೊದಲು "ದೇವರು ಕರೆದುಕೊಂಡರೆ ಸಾಕು ಅನಿಸುತ್ತದೆಯೇ" ಎಂದು ಕೇಳಿ, ಆಮೇಲೆ ಮೂಲ ಪ್ರಶ್ನೆ. 'ಹೌದು' ಬಂದರೆ ಯೋಜನೆ ಇದೆಯೇ, ಮನೆಯಲ್ಲಿ ಕೀಟನಾಶಕ ಇದೆಯೇ ಎಂದು ತಿಳಿದು, ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ಒಪ್ಪಿಸಬೇಕು. ಎನುಗು ನಗರದಲ್ಲಿ ಫೆಡರಲ್ ನ್ಯೂರೋಸೈಕಿಯಾಟ್ರಿಕ್ ಆಸ್ಪತ್ರೆ ಇದೆ. ಈ ವ್ಯವಸ್ಥೆ ಕೈಯಲ್ಲಿಲ್ಲದಿದ್ದರೆ ಪಿಎಚ್‌ಕ್ಯೂ-8 ಬಳಸಿ. ಅದಕ್ಕೂ ಕಟ್-ಆಫ್ 10.

ಸರಾಸರಿ:
ಆ್ಯಪ್ ಸರಿಯಿದೆ. ರೆಕಾರ್ಡಿಂಗ್‌ನಲ್ಲಿ 1, 5, 7, 13 ನಕಾರದಲ್ಲೇ ಕೇಳಿಸುತ್ತಿವೆ. 11ಕ್ಕೆ ಬಹುತೇಕ ಎಲ್ಲರೂ 'ಹೌದು'. ತಿದ್ದಿದ ಮೇಲೆ ಎಷ್ಟು ಜನರಲ್ಲಿ ನೋಡಬೇಕು?

ಅಳತೆಗೋಲು:
ಸುತ್ತಿಗೆ 8–10 ಜನ ಸಾಕು. ಓದು ಬರುವವರು, ಬಾರದವರು, ಗಂಡಸರು, ಹೆಂಗಸರು ಎಲ್ಲ ಇರಲಿ. ಪ್ರತಿ ಪ್ರಶ್ನೆಯಾದ ಮೇಲೆ "ನಿಮಗೆ ಏನು ಅರ್ಥವಾಯಿತು, ನಿಮ್ಮ ಮಾತಲ್ಲಿ ಹೇಳಿ" ಎಂದು ಕೇಳಿ ತಿದ್ದುತ್ತಾ ಹೋಗಿ. ಹೊಸ ತಕರಾರು ಬರದಾದಾಗ ನಿಲ್ಲಿಸಿ. ಎನುಗು ರಾಜ್ಯದ ಎನ್ಸುಕ್ಕಾ ಕಡೆಯ ಹಿರಿಯರಿಗೆ ಪುಸ್ತಕದ ಇಗ್ಬೊ ದೂರ. ಅಲ್ಲಿನ ಪರ್ಯಾಯ ಪದ ಹಾಳೆಯಲ್ಲೇ ಅಚ್ಚಾಗಲಿ, ಸಂದರ್ಶಕರ ಬಾಯಿಗೆ ಬಿಡಬೇಡಿ.

ಆಮೇಲೆ ಅಂಕ ಗೊತ್ತಿಲ್ಲದ ವೈದ್ಯರಿಂದ ರೋಗನಿರ್ಣಯ ಸಂದರ್ಶನ. ಹೆಚ್ಚು ಅಂಕದವರನ್ನಷ್ಟೇ ಕಳಿಸಬೇಡಿ, ಕಡಿಮೆಯವರೂ ಹೋಗಬೇಕು. ಇಲ್ಲವಾದರೆ ತಪಾಸಣೆಯಲ್ಲಿ ತಪ್ಪಿಹೋದವರು ಎಷ್ಟೆಂದು ಗೊತ್ತಾಗುವುದೇ ಇಲ್ಲ. ಇಗ್ಬೊ ರೂಪಕ್ಕೆ ಕಟ್-ಆಫ್ 5 ಸರಿಯೋ 4 ಸರಿಯೋ ಎಂಬುದು ಆ ದತ್ತಾಂಶದಿಂದಲೇ ನಿರ್ಧಾರವಾಗಲಿ. 'ಇಝು ಅಬುಒ' ಎಂದು ಕೇಳಿದ್ದರೆ ಆ ಹಳೆಯ ಪಿಎಚ್‌ಕ್ಯೂ ಅಂಕಗಳನ್ನು ಹೊಸದರ ಜೊತೆ ಸೇರಿಸಬೇಡಿ. ಯಾರು 8 ದಿನಕ್ಕೆ ಉತ್ತರಿಸಿದರು, ಯಾರು 14ಕ್ಕೆ ಎಂದು ಈಗ ಬೇರ್ಪಡಿಸಲು ದಾರಿಯಿಲ್ಲ.