ಅಪ್‌ಡೇಟ್ ಆದ ಮೇಲೆ ಕನ್ನಡದ ಒತ್ತಕ್ಷರ ಬರುತ್ತಿಲ್ಲ

ಪ್ರಶ್ನೆ:
ಬದಿಯಡ್ಕದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಿನಕ್ಸ್ ಅಪ್‌ಡೇಟ್ ಆದ ಮೇಲೆ ಕನ್ನಡ ಟೈಪಿಂಗ್ ಮಾತ್ರ ಕೆಟ್ಟಿದೆ. ಮಲಯಾಳ, ಇಂಗ್ಲಿಷ್ ಸರಿಯಿವೆ. ಕೆ ಒತ್ತಿದರೆ ಕ ಬರುತ್ತದೆ. ಮುಂದೆ ಎಫ್ ಒತ್ತಿದರೆ ಕ್ ಬದಲು ಕಿ ಆಗುತ್ತದೆ! ಎಂ ಒತ್ತಿದರೆ ಸ. ಬ್ರಹ್ಮಕಲಶೋತ್ಸವದ ಆಮಂತ್ರಣ ನಾಳೆ ಪ್ರೆಸ್ಸಿಗೆ ಹೋಗಬೇಕು. ಹೊಸ ಕೀಬೋರ್ಡ್ ತರಬೇಕಾ?

ಉತ್ತರ 1:
ಸುಮ್ನೆ ದುಡ್ಡು ಹಾಕಬೇಡಿ. ಮಲಯಾಳ ಸರಿ ಬರುತ್ತಿದೆ ಅಂದರೆ ಕೀಬೋರ್ಡ್ ಚೆನ್ನಾಗಿದೆ ಅಲ್ವಾ? ನಿಮ್ಮ ಕೈಗೆ ಕೂತಿರುವುದು ಕೆ.ಪಿ. ರಾವ್ ಕೀಲಿ ವಿನ್ಯಾಸ. ಅದರಲ್ಲಿ ಎಫ್ ಒತ್ತಿದರೆ ಅರ್ಧಾಕ್ಷರ. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ವಿನ್ಯಾಸದಲ್ಲಿ ಎಫ್‌ಗೆ ಗುಡಿಸು, ಅರ್ಧಾಕ್ಷರ ಡಿ ಕೀಲಿಯಲ್ಲಿ. ಈಗ ಇನ್‌ಸ್ಕ್ರಿಪ್ಟ್ ಬಂದು ಕೂತಿದೆ. ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕನ್ನಡ ಕೆಜಿಪಿ ಸೇರಿಸಿ, ರಾವ್ ವಿನ್ಯಾಸ ಅಲ್ಲಿ ಆ ಹೆಸರಲ್ಲಿದೆ.

ಕೇಳಿದವರು:
ಪಟ್ಟಿಯಲ್ಲಿ ಕೆಜಿಪಿ ಕಾಣುತ್ತಲೇ ಇಲ್ಲ ಅಣ್ಣಾ. ಡಿ ಒತ್ತಿ ನೋಡಿದೆ, ನೀವು ಹೇಳಿದ ಹಾಗೇ ಒತ್ತಕ್ಷರ ಬಂತು.

ಉತ್ತರ 2:
ಹಾಗಾದರೆ ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆಯ ಟೈಪಿಂಗ್ ವಿನ್ಯಾಸ ಕೊಡುವ ಐಬಸ್-ಎಂ17ಎನ್ ಪ್ಯಾಕೇಜ್ ಹೋಗಿರಬೇಕು. ಕೆಜಿಪಿ ಅದರಲ್ಲಿ ಬರುತ್ತದೆ. ಅದನ್ನು ಇನ್‌ಸ್ಟಾಲ್ ಮಾಡಿ, ಲಾಗೌಟ್ ಆಗಿ ಮತ್ತೆ ಬನ್ನಿ. ಪಟ್ಟಿಯಲ್ಲಿ ಕಾಣುತ್ತದೆ. ಸೇರಿಸಿದ ಮೇಲೆ ಇನ್‌ಸ್ಕ್ರಿಪ್ಟ್ ತೆಗೆದುಬಿಡಿ. ಮೂರು ಭಾಷೆಯಲ್ಲಿ ಕೆಲಸ ಮಾಡುವವರಿಗೆ ಭಾಷೆ ಬದಲಿಸಲು ಸೂಪರ್ (ವಿಂಡೋಸ್ ಕೀಲಿ)-ಸ್ಪೇಸ್ ಒತ್ತುವಾಗ ಎರಡೆರಡು ಕನ್ನಡ ಸಿಕ್ಕಿದರೆ ತುಂಬಾ ಕಿರಿಕಿರಿ.