ಹೊಂಡುರಾಸಿನ ಮನೆ, ಘಾನದ ಗೋಡೆ, ಜರ್ಮನಿಯ ಟಿಕೆಟು

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು ‘ಅಜ್ಜಿಮನೆ ಬಳಗ’. ಉಡುಪಿ, ಮಂಗಳೂರು, ಬೆಂಗಳೂರು, ದುಬೈ ಅಂತ ಚದುರಿದವರೆಲ್ಲ ಇದರಲ್ಲಿದ್ದಾರೆ. ಬೆಳಿಗ್ಗೆ ಬೈಬಲ್ ವಚನ, ಮಧ್ಯಾಹ್ನ ಬಂಗುಡೆಯ ರೇಟು, ರಾತ್ರಿ ಯಾರದ್ದಾದರೂ ಬರ್ತ್‌ಡೇ ಕೇಕು. ಅಡ್ಮಿನ್ ನಾನು. ಆ ಕೆಲಸ ಬೇಡ ಅಂದವರಲ್ಲಿ ಕೊನೆಯವಳು ನಾನಾದ್ದರಿಂದ ಅದು ನನ್ನ ಪಾಲಿಗೆ ಬಂತು.

ಶನಿವಾರ ರಾತ್ರಿ ಸುಗುಣ ಮಾಮಿ ಒಂದು ಫಾರ್ವರ್ಡ್ ಹಾಕಿದರು.

“ತಂದೆತಾಯಿಗಳೇ ಎಚ್ಚರ!! ಮಿಶನ್ ಟ್ರಿಪ್ ಹೆಸರಿನಲ್ಲಿ ವಿದೇಶಕ್ಕೆ ಹೋದ ಕ್ರೈಸ್ತ ಯುವಕರು ಕಟ್ಟಿದ ಮನೆಗಳೆಲ್ಲ ಬಿದ್ದು ಹೋಗಿವೆ!! ಒಂದೊಂದು ಮನೆಗೆ 30,000 ಡಾಲರ್ ಖರ್ಚು!! ಅಮೆರಿಕದ ಪ್ರೊಫೆಸರ್ ಸಂಶೋಧನೆ. ನಿಮ್ಮ ಮಕ್ಕಳನ್ನು ಕಳಿಸುವ ಮೊದಲು ಯೋಚಿಸಿ. ಹತ್ತು ಜನರಿಗೆ ಕಳಿಸಿ.”

ಅದರ ಕೆಳಗೆ ಮಾಮಿಯ ಸ್ವಂತ ವಾಕ್ಯ: “ನಮ್ಮ ಯೂತಿನವರೂ ಘಾನಕ್ಕೆ ಹೊರಟಿದ್ದಾರಂತೆ. ಹೇಳುವವರಿಲ್ಲ, ಕೇಳುವವರಿಲ್ಲ.”

ಯೂತು ಅಂದರೆ ನಮ್ಮ ಚರ್ಚಿನ ಯುವಜನರ ಸಂಘ. ಅದರಿಂದ ಘಾನಕ್ಕೆ ಹೊರಟ ತಂಡದಲ್ಲಿ ನಮ್ಮ ಪ್ರಫುಲ್ಲಕ್ಕನ ಮಗ ಜೋಯೆಲ್ ಇದ್ದಾನೆ. ಅವನು ಗುಂಪಿನಲ್ಲೂ ಇದ್ದಾನೆ. ಮಾಮಿ ಅದನ್ನು ಮರೆತಿದ್ದರೋ, ಮರೆತ ಹಾಗೆ ಮಾಡಿದರೋ, ನಾನು ತೀರ್ಪು ಕೊಡುವುದಿಲ್ಲ.

ಮೊದಲ ಉತ್ತರ ಎಡ್ವಿನ್ ಮಾಮನದು. ಒಂದೇ ಶಬ್ದ: “ಮೂಲ?”

ಎಡ್ವಿನ್ ಮಾಮ ಅಂದರೆ ಸುಗುಣ ಮಾಮಿಯ ಗಂಡ, ಪಿಡಬ್ಲ್ಯುಡಿಯ ನಿವೃತ್ತ ಇಂಜಿನಿಯರು. ಅವರು ಆಗ ಉಡುಪಿಯ ಮನೆಯ ಸಿಟೌಟಿನಲ್ಲಿ, ಮಾಮಿ ಅದೇ ಮನೆಯ ಅಡುಗೆಕೋಣೆಯಲ್ಲಿ. ಎದ್ದು ಒಳಗೆ ಹೋಗಿ ಕೇಳಬಹುದಿತ್ತು.

ಸುಗುಣ ಮಾಮಿ: “ಸ್ತ್ರೀಯರ ಸಂಘದ ಗ್ರೂಪಿನಲ್ಲಿ ಬಂದದ್ದು. ಅಲ್ಲಿ ಯಾರೂ ಮೂಲ ಕೇಳ್ಲಿಲ್ಲ.”

ಎಡ್ವಿನ್ ಮಾಮ: “ಯಾವ ಪ್ರೊಫೆಸರ್? ಯಾವ ದೇಶದ ಮನೆ? ಬಿದ್ದದ್ದು ಅಡಿಪಾಯ ಕುಸಿದಾ, ಮಾಡು ಹಾರಿಯಾ? ಅದು ಗೊತ್ತಿಲ್ಲದೆ ‘ಬಿದ್ದಿವೆ’ ಅಂತ ಬರೆಯುದು ಹೇಗೆ?”

ಮೂರನೆಯವರಾಗಿ ದೊಡ್ಡಪ್ಪ ಬಂದರು. ಅವರು ನಿವೃತ್ತ ಮುಖ್ಯೋಪಾಧ್ಯಾಯರು, ಬಲ್ಮಠದ ಹತ್ತಿರ ಮನೆ, ಪ್ರಫುಲ್ಲಕ್ಕನ ತಂದೆ. ಅವರ ಮೆಸೇಜಿಗೆ ಪೀಠಿಕೆ ಇರುತ್ತದೆ.

“ಪ್ರಿಯ ಬಂಧುಗಳೇ, 1834ರ ಅಕ್ಟೋಬರ್ 30ರಂದು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಶನರಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನಿನಿಂದ ಮಂಗಳೂರಿಗೆ ಬಂದರು. ಅವರ ತಂದೆತಾಯಿ ‘ಬೇಡ ಮಗನೇ’ ಅಂತ ಹಿಡಿದು ನಿಲ್ಲಿಸಿದ್ದರೆ ಇವತ್ತು ನಮ್ಮ ಗತಿ ಏನಿತ್ತು? ಅಚ್ಚುಕೂಟ ಇಲ್ಲ. 1843ರ ಮಂಗಳೂರ ಸಮಾಚಾರ ಪತ್ರಿಕೆ ಇಲ್ಲ. ಹೆಂಚಿನ ಕಾರ್ಖಾನೆ ಇಲ್ಲ. ಸುಗುಣಾ, ನೀನು ಹುಟ್ಟಿದ ಆಸ್ಪತ್ರೆಯೂ ಇಲ್ಲ. 1923ರಲ್ಲಿ ಡಾ. ಈವಾ ಲೊಂಬಾರ್ಡ್ ಸ್ವಿಟ್ಜರ್ಲೆಂಡಿನಿಂದ ಉಡುಪಿಗೆ ಬಂದು ಅದನ್ನು ಶುರು ಮಾಡುವಾಗ ಯಾರಾದರೂ ಖರ್ಚು ಲೆಕ್ಕ ಹಾಕಿದರಾ? ಯುವಕರ ಉತ್ಸಾಹಕ್ಕೆ ತಣ್ಣೀರು ಹಾಕಬಾರದು. ದೇವರು ಎಲ್ಲರನ್ನೂ ಆಶೀರ್ವದಿಸಲಿ.”

ಎಡ್ವಿನ್ ಮಾಮ: “ಬಾವ, ಹೆಬಿಕ್ ಬಂದದ್ದು 1834, ವಾಪಸ್ ಹೋದದ್ದು 1859. ಇಪ್ಪತ್ತೈದು ವರ್ಷ. ಇವರು ಹೋಗುದು 12 ದಿನಕ್ಕೆ. ಕಿಟೆಲ್ ಬಂದದ್ದು 1853, ನಿಘಂಟು ಅಚ್ಚಾದದ್ದು 1894. ಇವರು 12 ದಿನದಲ್ಲಿ ‘ನೀರು ಕೊಡಿ’ ಅಂತ ಹೇಳ್ಲಿಕ್ಕೆ ಕಲಿತರೆ ದೊಡ್ಡದು.”

ದೊಡ್ಡಪ್ಪ: “ದಿನ ಎಣಿಸುವುದಲ್ಲ ಎಡ್ವಿನ್, ಮನಸ್ಸು ನೋಡಬೇಕು. ಒಂದು ಕಾಲದಲ್ಲಿ ನಮ್ಮ ಹೆಂಚು ಆಫ್ರಿಕಾಕ್ಕೆ ಹೋಯಿತು. ಈಗ ನಮ್ಮ ಮಕ್ಕಳು ಹೋಗುತ್ತಾರೆ.”

ಎಡ್ವಿನ್ ಮಾಮ: “ಹೆಂಚು ಹೋದದ್ದು ಪೂರ್ವ ಆಫ್ರಿಕಾಕ್ಕೆ. ಘಾನ ಇರುದು ಪಶ್ಚಿಮದಲ್ಲಿ.”

ಈ ಹೊತ್ತಿಗೆ ಫಾರ್ವರ್ಡು ನಾಲ್ಕು ಸ್ಕ್ರೀನ್ ಮೇಲೆ ಹೋಗಿತ್ತು. ಮೊದಲ ಸಾಲು ದಾಟಿ ಓದಿದವರು ಯಾರೂ ಇರಲಿಕ್ಕಿಲ್ಲ. ಮನೆ ಕಟ್ಟಿದ್ದು ಯಾವ ದೇಶದಲ್ಲಿ ಅಂತ ಎಡ್ವಿನ್ ಮಾಮ ಒಬ್ಬರಿಗೇ ಸಂಶಯ ಬಂದದ್ದು. ಅಷ್ಟರಲ್ಲಿ ದುಬೈಯಿಂದ ಸತೀಶಣ್ಣ ಹಾಜರ್.

“ಘಾನ ಬಿಡಿ ಮಾರ್ರೆ. ನಮ್ಮಲ್ಲಿಗೆ ಜರ್ಮನಿಯ ಯೂತಿನವರು ಬಂದದ್ದು ನೆನಪುಂಟಾ? 1986ರಲ್ಲೋ 87ರಲ್ಲೋ. ಮಿಶನ್ ಕಂಪೌಂಡಿನಲ್ಲಿ ಕ್ರಿಕೆಟ್ ಆಡ್ಲಿಕ್ಕೆ ಬಂದು ಬ್ಯಾಟನ್ನು ದೋಣಿಯ ಹುಟ್ಟಿನ ಹಾಗೆ ಹಿಡಿದದ್ದು!”

ಹಿಂದೆಯೇ ಸಾಲುಸಾಲು ಬಂತು. ಒಬ್ಬರಿಗೆ ಅವರು ಕೊಟ್ಟ ಚಾಕಲೇಟಿನ ಕಾಗದ ಬೈಬಲಿನೊಳಗೆ ಇಟ್ಟದ್ದು ನೆನಪು. ಇನ್ನೊಬ್ಬರಿಗೆ ಮೇಲಿನ ಕೋಣೆಯ ಮಂಚ ಮುರಿದದ್ದು. ಅವರಲ್ಲೊಬ್ಬಳು ಹುಡುಗಿ ಕೆಸುವಿನ ಎಲೆಯ ಪತ್ರೊಡೆ ತಿಂದು ಗಂಟಲು ತುರಿಸಿ ಅತ್ತದ್ದನ್ನು ಎತ್ತಿದ್ದು ಸುಗುಣ ಮಾಮಿ. ಜೊತೆಗೆ ಒಂದು ಸಾಲು: “ಹುಳಿ ಕಮ್ಮಿ ಹಾಕಿದ್ದು ನಾನಲ್ಲ.”

ದೊಡ್ಡಪ್ಪನ ನಂಬರಿನಿಂದ ಉತ್ತರ: “ಇದು ದೊಡ್ಡಮ್ಮ ಬರೆಯುದು. ಹುಳಿ ಸರಿಯೇ ಇತ್ತು. ಎಲೆ ತಂದದ್ದು ಯಾರು ಅಂತ ಕೇಳು.”

ಪತ್ರೊಡೆ ಅಂದ ಮೇಲೆ ಅದು ಆಟಿ ತಿಂಗಳು. ಅವರ ದೇಶದಲ್ಲಿ ಬೇಸಗೆ ರಜೆ ಸಿಗುವುದು ಜುಲೈ–ಆಗಸ್ಟಿನಲ್ಲಿ, ಆದ್ದರಿಂದ ಬಂದದ್ದೂ ಆಗಲೇ. ಹೊರಗೆ ಕಾಲಿಡಲು ಬಿಡದ ಮಳೆ. ಅವರ ಕಾರ್ಯಕ್ರಮದಲ್ಲಿ ಇದ್ದದ್ದು ಶಾಲೆಯ ಗೋಡೆಗೆ ಬಣ್ಣ ಹೊಡೆಯುವುದು. ಮುರಕಲ್ಲಿನ ಗೋಡೆ, ಮೇಲೆ ವರ್ಷವರ್ಷದ ಸುಣ್ಣ, ಒಳಗೆಲ್ಲ ನೀರು ಕುಡಿದದ್ದು. ಅದರ ಮೇಲೆ ನೀಲಿ ಆಯಿಲ್ ಪೈಂಟು. ಹುಡುಗರು ಹಾಡು ಹೇಳುತ್ತಾ ಹೊಡೆದರು, ಫೋಟೋ ತೆಗೆದರು, ಹೋದರು. ದಸರಾ ರಜೆ ಮುಗಿಯುವಾಗ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಕೂಲಿಯವರನ್ನು ಇಟ್ಟು ಕೆರೆಸಿ ಮತ್ತೆ ಸುಣ್ಣ ಹೊಡೆಸಿದರು. ಆ ಖರ್ಚು ಶಾಲೆಯದ್ದು.

ಎಡ್ವಿನ್ ಮಾಮ: “ಆಟಿಯಲ್ಲಿ ಗೋಡೆಗೆ ಪೈಂಟ್ ಬೇಡ ಅಂತ ನಾನು ಆವತ್ತೇ ಹೇಳಿದ್ದೆ. ಯಾರು ಕೇಳಿದ್ದು?”

ದೊಡ್ಡಪ್ಪ: “ದೂರದಿಂದ ಬಂದ ಮಕ್ಕಳಿಗೆ ಬೇಡ ಅನ್ನಲಿಕ್ಕಾಗುತ್ತದಾ? ಆ ಗೋಡೆಯ ವಿಷಯ ಈಗ ಯಾಕೆ?”

ಎಡ್ವಿನ್ ಮಾಮ: “ಗೋಡೆ ಬಿಡುವ. ಮರುವರ್ಷ ಜರ್ಮನಿಗೆ ಹೋದವರ ಲಿಸ್ಟಿನ ವಿಷಯ ಮಾತಾಡುವ.”

ಸತೀಶಣ್ಣ ಬಾಗಿಲು ತೆರೆದ, ಗಾಳಿ ಒಳಗೆ ಬಂತು. ಈ ಕತೆಯನ್ನು ನಮ್ಮ ತಲೆಮಾರಿನವರು ತುಂಡುತುಂಡಾಗಿ ಕೇಳಿದ್ದೇವೆ, ಬರಹದಲ್ಲಿ ಓದಿದ್ದು ಈಗಲೇ. ಆ ಜರ್ಮನಿಯವರು ಬಂದು ಹೋದದ್ದಕ್ಕೆ ಪ್ರತಿಯಾಗಿ ಇಲ್ಲಿಂದ ಕೆಲವರನ್ನು ಕರೆದಿದ್ದರು. ಲಿಸ್ಟಿನಲ್ಲಿ ಎಡ್ವಿನ್ ಮಾಮನ ಹೆಸರಿತ್ತು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಕ್ಯೂ ನಿಂತು, ಪಾಸ್‌ಪೋರ್ಟ್ ಮಾಡಿಸಿದರು. ಕೊನೆಯ ಲಿಸ್ಟು ಬಂದಾಗ ಅವರ ಹೆಸರಿನ ಜಾಗದಲ್ಲಿ ದೊಡ್ಡಪ್ಪನ ಹೆಸರು.

ದೊಡ್ಡಪ್ಪ: “ಅದು ಕಮಿಟಿಯ ತೀರ್ಮಾನ. ಹಿರಿಯರೊಬ್ಬರು ಜೊತೆಗೆ ಇರಬೇಕು ಅಂತಾಯಿತು.”

ಎಡ್ವಿನ್ ಮಾಮ: “ಕಮಿಟಿಯ ಸೆಕ್ರೆಟರಿ ಯಾರಿದ್ದದ್ದು ಬಾವ?”

ಉತ್ತರ ಬರಲಿಲ್ಲ.

ಎಡ್ವಿನ್ ಮಾಮ: “ನನ್ನ ಪಾಸ್‌ಪೋರ್ಟ್ ಒಂದೂ ಸೀಲ್ ಇಲ್ಲದೆ ಎಕ್ಸ್‌ಪೈರ್ ಆಯ್ತು. ಈ ಸಲದ ಲಿಸ್ಟಿನಲ್ಲೂ ನಿಮ್ಮ ಮನೆಯವರೇ. ಸಂತೋಷ.”

ಪ್ರಫುಲ್ಲಕ್ಕ ನೈಟ್ ಡ್ಯೂಟಿಯಲ್ಲಿದ್ದವಳು, ಆಸ್ಪತ್ರೆಯಿಂದಲೇ ಬರೆದಳು: “ನನ್ನ ಮಗನ ವಿಷಯ ಮಾತಾಡುವಾಗ ನನ್ನನ್ನು ಒಂದು ಮಾತು ಕೇಳಬಹುದಿತ್ತು. ಅವನು ಹೆಸರು ಕೊಟ್ಟದ್ದು ಅವನೇ. ಅಪ್ಪನಿಗೆ ಗೊತ್ತಾದದ್ದು ಆಮೇಲೆ.”

ಸುಗುಣ ಮಾಮಿ: “ನಾನು ಜನರಲ್ ಆಗಿ ಹಾಕಿದ್ದು ಮಾರಾಯ್ತಿ.”

ಭಾನುವಾರ ಆರಾಧನೆ ಮುಗಿದ ಮೇಲೆ ಜೋಯೆಲ್ ಬರೆದ. ಈ ಗುಂಪಿನಲ್ಲಿ ಅವನ ಮೊದಲ ಮೆಸೇಜು ಅದೇ ಇರಬೇಕು; ಇಷ್ಟರವರೆಗೆ ಬರ್ತ್‌ಡೇಗಳಿಗೆ ಕೇಕಿನ ಚಿತ್ರ ಮಾತ್ರ.

“ಎಲ್ಲರಿಗೂ ನಮಸ್ಕಾರ. ಎಡ್ವಿನ್ ಅಜ್ಜ ಕೇಳಿದ ಮೂಲ ಸಿಕ್ಕಿತು. ದೇಶ ಹೊಂಡುರಾಸ್. 1998ರಲ್ಲಿ ಮಿಚ್ ಅಂತ ಒಂದು ಚಂಡಮಾರುತ ಬಂದು ತುಂಬ ಮನೆ ಹೋಗಿತ್ತು. ಉತ್ತರ ಅಮೆರಿಕದ ಚರ್ಚುಗಳ ತಂಡಗಳು ಹೋಗಿ ಮನೆ ಕಟ್ಟಿದವು, ಅಲ್ಲಿಯ ಸಂಸ್ಥೆಗಳೂ ಕಟ್ಟಿದವು. ಕರ್ಟ್ ವರ್ ಬೀಕ್ ಅನ್ನುವ ಸಮಾಜಶಾಸ್ತ್ರಜ್ಞ ಎರಡನ್ನೂ ಹೋಲಿಸಿ 2006ರಲ್ಲಿ ಬರೆದಿದ್ದಾರೆ. ಅವರು ಕ್ರೈಸ್ತ ಕಾಲೇಜಿನವರೇ. ಮನೆ ಬಿದ್ದವು ಅಂತ ಅವರು ಹೇಳಿದ್ದಲ್ಲ. ಮನೆ ಯಾರು ಕಟ್ಟಿದ್ರೂ ಆ ಕುಟುಂಬಗಳ ಜೀವನದಲ್ಲಿ ಹೆಚ್ಚು ವ್ಯತ್ಯಾಸ ಕಾಣ್ಲಿಲ್ಲ ಅಂತ. ವ್ಯತ್ಯಾಸ ಇದ್ದದ್ದು ಖರ್ಚಿನಲ್ಲಿ. ಊರಿನವರು ಕಟ್ಟಿದ್ರೆ ಸುಮಾರು 2,000 ಡಾಲರ್. ಹೊರಗಿನ ತಂಡ ಬಂದು ಕಟ್ಟಿದ್ರೆ ಅವರ ವಿಮಾನ, ಊಟ, ವಸತಿ ಎಲ್ಲ ಸೇರಿ ಸುಮಾರು 30,000. ಹೋಗಿ ಬಂದವರು ‘ಇನ್ನು ಹೆಚ್ಚು ಕಾಣಿಕೆ ಕೊಡ್ತೇವೆ’ ಅಂದಿದ್ರು. ಲೆಕ್ಕ ನೋಡುವಾಗ ಅದೂ ಅಂಥಾ ಏನೂ ಬದಲಾಗಿರ್ಲಿಲ್ಲ.”

ನನ್ನ ಮಟ್ಟಿಗೆ ಇದು ಫಾರ್ವರ್ಡಿಗಿಂತ ದೊಡ್ಡ ಪೆಟ್ಟು. ಮನೆ ಬಿದ್ದಿದ್ದರೆ ಸಿಮೆಂಟಿಗೆ ಬಯ್ದು ಮುಗಿಸಬಹುದು. ಇಲ್ಲಿ ಮನೆ ಗಟ್ಟಿಯಾಗಿ ನಿಂತಿದೆ, ಆದರೆ ಅದೇ ದುಡ್ಡಿನಲ್ಲಿ ಹದಿನೈದು ಮನೆ ಏಳುತ್ತಿತ್ತು. ಬಳಗದಲ್ಲಿ ಏನಾಯಿತು? ದೊಡ್ಡಪ್ಪ ಬರೆದರು, “ನೋಡಿ, ಮನೆ ಬಿದ್ದಿಲ್ಲವಂತೆ. ನಾನು ಮೊದಲೇ ಹೇಳಿದ್ದೆ.” ಎಡ್ವಿನ್ ಮಾಮ ಬರೆದರು, “ಹದಿನೈದು ಪಟ್ಟು ಖರ್ಚಂತೆ. ನಾನು ಮೊದಲೇ ಹೇಳಿದ್ದೆ.” ಸುಗುಣ ಮಾಮಿ ಬರೆದರು, “30,000 ಡಾಲರ್ ಅಂತ ನನ್ನ ಮೆಸೇಜಿನಲ್ಲಿಯೇ ಇತ್ತಲ್ಲ.” ಯಾರ ಮಾತೂ ಸುಳ್ಳಲ್ಲ.

ನಾನು ಕೇಳಿದೆ: “ಇದೆಲ್ಲ ಓದಿದ ಮೇಲೂ ನೀನು ಹೋಗುದು ಯಾಕೆ ಮಗಾ?”

ಜೋಯೆಲ್: “ಅಲ್ಲಿಯ ಚರ್ಚಿನ ಸಭೆಯವರು ಕರೆದಿದ್ದಾರೆ ಚಿಕ್ಕಮ್ಮ. ಅವರದ್ದೂ ಬಾಸೆಲ್ ಮಿಶನಿನಿಂದಲೇ ಶುರುವಾದದ್ದು, ನಮಗಿಂತ ಆರು ವರ್ಷ ಮೊದಲು, 1828ರಲ್ಲಿ. ಆಗ ಗೋಲ್ಡ್ ಕೋಸ್ಟ್ ಅಂತ ಹೆಸರು. ಮೊದಲು ಹೋದ ನಾಲ್ಕು ಜನವೂ ಮೂರು ವರ್ಷದೊಳಗೆ ತೀರಿಕೊಂಡರು. ಕಿಟೆಲ್ ಇಲ್ಲಿಗೆ ಬಂದ 1853ರಲ್ಲೇ ಅಲ್ಲಿಗೆ ಕ್ರಿಸ್ಟಾಲರ್ ಅಂತ ಒಬ್ಬರು ಹೋಗಿ ಟ್ವಿ ಭಾಷೆಗೆ ನಿಘಂಟು ಮಾಡಿದ್ದಾರೆ, 1881ರದ್ದು. ನನಗೆ ಅದೆಲ್ಲ ನೋಡ್ಬೇಕು. ನಮ್ಮ ಹಾಗೆಯೇ ಆದವರು ಹೇಗಿದ್ದಾರೆ ಅಂತ ನೋಡ್ಬೇಕು, ಅಷ್ಟೇ.”

“ಮತ್ತೆ ನೀವು ಕಾಣಿಕೆ ಕೇಳಿ ಕೊಟ್ಟ ಪತ್ರದಲ್ಲಿ ‘ಶಾಲೆಗೆ ಬಣ್ಣ ಬಳಿಯುವ ಸೇವೆ’ ಅಂತ ಉಂಟಲ್ಲ?”

“ನೋಡ್ಲಿಕ್ಕೆ ಹೋಗ್ತೇವೆ ಅಂದ್ರೆ ಯಾರೂ ಕೊಡುದಿಲ್ಲ ಚಿಕ್ಕಮ್ಮ. ಬಣ್ಣ ಹೊಡಿತೇವೆ ಅಂದ್ರೆ ಕೊಡ್ತಾರೆ. ಚರ್ಚಿನ ಸುಗ್ಗಿ ಹಬ್ಬದ ಏಲಂನಲ್ಲಿ ಒಂದು ಕುಂಬಳಕಾಯಿಗೆ ಸಾವಿರ ರೂಪಾಯಿ ಹೋದದ್ದು ಆ ಗೋಡೆಯ ಹೆಸರಿನಲ್ಲಿ.”

ಕುಂಬಳಕಾಯಿ ಕೂಗಿದ್ದು ದೊಡ್ಡಪ್ಪ. ಅವರು ಓದಿದ್ದಾರೆ ಅಂತ ನೀಲಿ ಗೆರೆ ಹೇಳಿತು, ಅವರು ಏನೂ ಹೇಳಲಿಲ್ಲ. ನಮ್ಮ ಶಾಲೆಗೆ ಬಂದ ಆ ಜರ್ಮನಿಯ ಹುಡುಗರೂ ಯಾವುದೋ ಊರಿನ ಯಾವುದೋ ಅಜ್ಜಿಯಂದಿರಿಗೆ ಇದೇ ಲೆಕ್ಕ ಒಪ್ಪಿಸಬೇಕಿತ್ತು ಅಂತ ನನಗೆ ಹೊಳೆದದ್ದು ಈಗ. ನೀಲಿ ಪೈಂಟು ಹೊಡೆದದ್ದು ನಮ್ಮ ಗೋಡೆಗೆ, ಆದರೆ ಅದು ಬೇಕಾಗಿದ್ದದ್ದು ಅವರ ಫೋಟೋಕ್ಕೆ. ಟಿಕೆಟಿಗೆ ದುಡ್ಡು ಕೊಟ್ಟವರು ಕೇಳುವುದು ‘ಎಂತ ಮಾಡಿದಿರಿ?’ ಅಂತ. ‘ಪತ್ರೊಡೆ ತಿಂದೆವು’ ಅಂದರೆ ಅವರಿಗೆ ಸಾಕಾಗುವುದಿಲ್ಲ. ನಮಗೆ ಇವತ್ತಿಗೂ ನೆನಪಿರುವುದು ಮಾತ್ರ ಪತ್ರೊಡೆಯೇ.

ಇದನ್ನು ನಾನು ಗುಂಪಿನಲ್ಲಿ ಬರೆಯಲಿಲ್ಲ. ಅಷ್ಟರಲ್ಲಿ ಮಾತು ಲಸಿಕೆಗೆ ತಿರುಗಿತ್ತು.

ಪ್ರಫುಲ್ಲಕ್ಕ: “ಜೋಯೆಲ್, ಹಳದಿ ಜ್ವರದ ಇಂಜೆಕ್ಷನ್ ಮರಿಬೇಡ. ಹೊರಡುವ ಕಡಿಮೆ ಅಂದ್ರೆ ಹತ್ತು ದಿನ ಮೊದಲು ಆಗಿರ್ಬೇಕು. ಆ ಸರ್ಟಿಫಿಕೇಟ್ ಇಲ್ಲದಿದ್ರೆ ವಾಪಸ್ ಬರುವಾಗ ಏರ್‌ಪೋರ್ಟಿನಿಂದ ಸೀದಾ ಕ್ವಾರಂಟೈನ್, ಆರು ದಿನದವರೆಗೆ.”

ಸುಗುಣ ಮಾಮಿ: “ಹಳದಿಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ರೆ ಆಗುದಿಲ್ವಾ?”

ಪ್ರಫುಲ್ಲಕ್ಕ: “ಇದು ಕಾಮಾಲೆ ಅಲ್ಲ ಮಾಮಿ. ಸೊಳ್ಳೆಯಿಂದ ಬರುದು.”

ಸತೀಶಣ್ಣ: “ದುಬೈಯಲ್ಲಿ ಫ್ಲೈಟ್ ಬದಲಿಸುದಾದ್ರೆ ಹೇಳು, ಏರ್‌ಪೋರ್ಟಿಗೆ ಬರ್ತೇನೆ. ಬರುವಾಗ ನನಗೆ ಒಣ ಸಿಗಡಿ ತಾ.”

ಎಡ್ವಿನ್ ಮಾಮ ಸಂಜೆವರೆಗೆ ಸುದ್ದಿಯಿಲ್ಲ. ಗುಂಪು ಬಿಟ್ಟು ಹೋಗುತ್ತಾರೋ ಅಂತ ನಾನು ಎರಡು ಸಲ ಮೆಂಬರುಗಳ ಲಿಸ್ಟ್ ನೋಡಿದೆ. ಏಳು ಗಂಟೆಗೆ ಬಂತು ಮೆಸೇಜು, ಜೋಯೆಲ್‌ಗೆ.

“ಗೋಡೆ ಎಂತದ್ದು ಅಂತ ಅವರನ್ನು ಕೇಳು. ಸಿಮೆಂಟಾ, ಮಣ್ಣಾ, ನಮ್ಮ ಹಾಗೆ ಮುರಕಲ್ಲಾ? ಸುಣ್ಣ ಇದ್ರೆ ಪೂರ್ತಿ ಕೆರೆದು, ತೊಳೆದು, ಒಣಗಲು ಬಿಟ್ಟು, ಮೊದಲು ಪ್ರೈಮರ್. ಹಸಿ ಗೋಡೆಗೆ ಆಯಿಲ್ ಪೈಂಟ್ ಮುಟ್ಟಿಸ್ಬೇಡ. ಒಣಗಿದೆಯಾ ಅಂತ ನೋಡ್ಲಿಕ್ಕೆ ಒಂದು ತುಂಡು ಪ್ಲಾಸ್ಟಿಕ್ ಶೀಟು ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ ಮರುದಿನ ತೆಗಿ. ಒಳಗೆ ಬೆವರಿದ್ರೆ ಹೊಡಿಬೇಡ. ನೀವು ಹೋಗುದು ಯಾವಾಗ?”

ಜೋಯೆಲ್: “ಮೇ ಕೊನೆಗೆ ಹೊರಟು ಜೂನಿನಲ್ಲಿ ವಾಪಸ್ ಅಜ್ಜ.”

ಎಡ್ವಿನ್ ಮಾಮ: “ಅಕ್ರಾದ ಕಡೆ ದೊಡ್ಡ ಮಳೆ ಏಪ್ರಿಲಿನಿಂದ ಜುಲೈ. ಜೋರು ಇರುದೇ ಜೂನಿನಲ್ಲಿ.”

ದೊಡ್ಡಪ್ಪ: “ತಾರೀಖು ಮುಂದೆ ಹಾಕಲಿಕ್ಕೆ ಆಗುತ್ತದಾ ಕೇಳು ಮಗಾ. ಎಡ್ವಿನ್ ಹೇಳುವುದರಲ್ಲಿ ವಿಷಯ ಉಂಟು.”

ಜೋಯೆಲ್: “ಟಿಕೆಟ್ ಆಗಿದೆ ಅಜ್ಜ, ಕ್ಯಾನ್ಸಲ್ ಮಾಡಿದ್ರೆ ದುಡ್ಡು ಸಿಗುದಿಲ್ಲ. ಹೊರಗಿನ ಗೋಡೆ ಬೇಡ, ಒಳಗಿನದ್ದು ಮಾತ್ರ ಮಾಡ್ತೇವೆ ಅಂತ ಅವರಿಗೆ ಬರೀತೇನೆ. ಎಡ್ವಿನಜ್ಜ, ಪ್ರೈಮರ್ ಒಂದು ಲೀಟರಿಗೆ ಎಷ್ಟು ಚದರಡಿ ಹೋಗ್ತದೆ?”