ಪದ ಬೇಕು: ಓಪನ್ ಸ್ಟ್ಯಾಂಡರ್ಡ್, ಪ್ರೋಟೋಕಾಲ್, ಗೆಸ್ಟ್ ಹೋಸ್ಟ್ - ಕ್ಯಾಸಿನೊ ಮೆಷಿನ್ ಕೈಪಿಡಿಗೆ, ಅರ್ಜೆಂಟ್

ಸು., ಜೆ.ಪಿ. ನಗರ:

ಎಲ್ಲರಿಗೂ ನಮಸ್ಕಾರ. ಶುಕ್ರವಾರ ಬೆಳಿಗ್ಗೆ ಪ್ರೆಸ್‌ಗೆ ಹೋಗಬೇಕಾದ ಒಂದು ಕೈಪಿಡಿ ನನ್ನ ತಲೆ ಮೇಲೆ ಕೂತಿದೆ. ಗೋವಾ ಕ್ಯಾಸಿನೊಗಳಲ್ಲಿ ಸ್ಲಾಟ್ ಮೆಷಿನ್ ನೋಡಿಕೊಳ್ಳುವ ನಮ್ಮ ಹುಡುಗರಿಗೆ, ಅಂದರೆ ಬೆಳಗಾವಿ, ಕಾರವಾರ, ಹುಬ್ಬಳ್ಳಿ ಕಡೆಯಿಂದ ಹೋದವರಿಗೆ ಅಂತ ಇಲ್ಲಿನ ಒಂದು ಸಾಫ್ಟ್‌ವೇರ್ ಆಫೀಸು ಮಾಡಿಸುತ್ತಿದೆ. ಮೆಷಿನ್ನು ಸರ್ವರ್ ಜೊತೆ ಹೇಗೆ ಮಾತಾಡುತ್ತದೆ ಅನ್ನೋದು ಮೊದಲ ಅಧ್ಯಾಯ. ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಬೇಕಾಗಿರುವುದು: ಓಪನ್ ಸ್ಟ್ಯಾಂಡರ್ಡ್, ಪ್ರೋಟೋಕಾಲ್, ಪೋಲಿಂಗ್, ಓನರ್ ಹೋಸ್ಟ್, ಗೆಸ್ಟ್ ಹೋಸ್ಟ್, ಕಾಯಿನ್ ಇನ್. ಆಫೀಸಿನವರು ಕಂಪ್ಯೂಟರಿನಿಂದ ಮಾಡಿಸಿ ಕೊಟ್ಟ ಕರಡಿನಲ್ಲಿ 'ಸರ್ವರ್ ಪ್ರತಿ ಯಂತ್ರದಲ್ಲೂ ಮತದಾನ ನಡೆಸುತ್ತದೆ' ಅಂತಿದೆ. ಗೆಸ್ಟ್ ಹೋಸ್ಟ್ ಅನ್ನೋದು 'ಅತಿಥಿ ಆತಿಥೇಯ' ಆಗಿದೆ. ಪ್ರೋಟೋಕಾಲ್, ಅಂದರೆ ಯಂತ್ರಗಳು ತಮ್ಮಲ್ಲಿ ಮಾತಾಡಿಕೊಳ್ಳುವ ನಿಯಮ, ಎಂದಿನಂತೆ 'ಶಿಷ್ಟಾಚಾರ'. ನೀವು ನಗಬಹುದು, ಗಡುವು ನನ್ನದು.

ಇನ್ನೊಂದು. 'ಗೇಮಿಂಗ್' ಅನ್ನೋದಕ್ಕೆ ಜೂಜು ಅಂತ ಬರೆದರೆ ಅವರ ವಕೀಲರು ಒಪ್ಪಲ್ಲವಂತೆ. ಅದಕ್ಕೂ ಏನಾದರೂ ಹೇಳಿ.

ಬಿ.ಎನ್., ಮಲ್ಲೇಶ್ವರ:

ಸ್ಟ್ಯಾಂಡರ್ಡ್ = ಕಟ್ಟಳೆ. ಓಪನ್ ಸ್ಟ್ಯಾಂಡರ್ಡ್ = ತೆರೆದ ಕಟ್ಟಳೆ. ಪ್ರೋಟೋಕಾಲ್ = ಮಾತುಕಟ್ಟಳೆ. ಪೋಲಿಂಗ್ = ಕೂಗಿ ಕೇಳುವಿಕೆ. ಕ್ಯಾಸಿನೊಗೆ ನೆತ್ತಮನೆ ಅನ್ನಿ, ನೆತ್ತ ಹಳಗನ್ನಡದ್ದು, ಪಂಪನಲ್ಲೇ ಇದೆ, ವಕೀಲರಿಗೂ ತಕರಾರು ಇರಲಾರದು, ಅವರಿಗೆ ಅದು ಅರ್ಥವೇ ಆಗಲ್ಲ. ದಯವಿಟ್ಟು ಮಾನಕ, ಪ್ರಮಾಣಕ, ಸಂವಹನ ಅಂತ ಸಕ್ಕದದ ಮೂಟೆ ಆ ಹುಡುಗರ ಬೆನ್ನಿಗೆ ಹೇರಬೇಡಿ.

ಕೆ.ವಿ., ವೈಟ್‌ಫೀಲ್ಡ್:

ನೆತ್ತಮನೆ ಎಲ್ಲಿ ಅಂತ ಪಣಜಿಯಲ್ಲಿ ಕನ್ನಡದವರನ್ನ ಕೇಳಿ ನೋಡಿ ಸಾರ್. ನೆತ್ತರು ಅಂದ್ಕೊಂಡು ಬ್ಲಡ್ ಬ್ಯಾಂಕ್ ತೋರಿಸುತ್ತಾರೆ.

ಸು ಮೇಡಂ, ನಾನು ಇದೇ ಕೆಲಸದಲ್ಲಿರುವವನು. ಪದ ಹುಡುಕೋಕೆ ಮುಂಚೆ ವಿಷಯ ಬಿಡಿಸಿಕೊಳ್ಳಿ, ಯಾಕೆಂದರೆ ನಿಮ್ಮ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಪದ್ಧತಿಯ ಮಾತು ಕಲಸಿಹೋಗಿದೆ.

ಹಳೆಯದು ಎಸ್‌ಎಎಸ್, ಸ್ಲಾಟ್ ಅಕೌಂಟಿಂಗ್ ಸಿಸ್ಟಮ್. ಐಜಿಟಿ ಅನ್ನೋ ಮೆಷಿನ್ ಕಂಪನಿ ಮಾಡಿದ್ದು. ಆಮೇಲೆ ಬೇರೆ ಕಂಪನಿಗಳೂ ಅದನ್ನೇ ಹಿಡಿದವು, ಇವತ್ತಿಗೂ ಎಷ್ಟೋ ಕಡೆ ಓಡುವುದು ಅದೇ. ಸೀರಿಯಲ್ ವೈರು, ಸೆಕೆಂಡಿಗೆ 19,200 ಬಿಟ್. ಪ್ರತಿ ಮೆಷಿನ್‌ಗೆ 1ರಿಂದ 127ರ ಒಳಗೆ ಒಂದು ನಂಬರ್. ಸರ್ವರ್ ಕಡೆಯಿಂದ ಆ ನಂಬರ್ ಕರೆದಾಗ ಮಾತ್ರ ಮೆಷಿನ್ ಬಾಯಿ ಬಿಡುತ್ತದೆ, ಸ್ಕೂಲಲ್ಲಿ ಹಾಜರಿ ಕರೆದ ಹಾಗೆ. ಹೇಳೋದೇನೂ ಇಲ್ಲದಿದ್ದರೆ ಸೊನ್ನೆ ಕಳಿಸುತ್ತದೆ. ಬಾಗಿಲು ತೆರೆದಿದ್ದರೆ ಒಂದೇ ಬೈಟು, ಹದಿನಾರರ ಲೆಕ್ಕದಲ್ಲಿ 11. ಮುಚ್ಚಿದರೆ 12. 5 ಸೆಕೆಂಡ್ ಯಾರೂ ಕರೆಯದಿದ್ದರೆ ಲೈನ್ ಕಡಿದುಹೋಯಿತು ಅಂತ ಮೆಷಿನ್ನೇ ತೀರ್ಮಾನ ಮಾಡುತ್ತದೆ. ಇದು ಪೋಲಿಂಗ್. ಹಾಗಾಗಿ 'ಹಾಜರಿ ಕರೆಯುವುದು' ಅಂತ ಬರೆಯಿರಿ, ಓದಿದ ತಕ್ಷಣ ಹೊಳೆಯುತ್ತದೆ.

ಹೊಸದು ಜಿ2ಎಸ್, ಗೇಮ್ ಟು ಸಿಸ್ಟಮ್. ಇದಕ್ಕೆ ಒಬ್ಬ ಕಂಪನಿ ಯಜಮಾನ ಇಲ್ಲ. ಮೆಷಿನ್ ತಯಾರಕರು ಸೇರಿ 1998ರಲ್ಲಿ ಒಂದು ಸಂಘ ಕಟ್ಟಿಕೊಂಡರು. ಆಮೇಲೆ ಅದು ಗೇಮಿಂಗ್ ಸ್ಟ್ಯಾಂಡರ್ಡ್ಸ್ ಅಸೋಸಿಯೇಷನ್ ಆಯಿತು, ಈಗ ಹೆಸರಿನ ಮುಂದೆ ಇಂಟರ್‌ನ್ಯಾಷನಲ್ ಅಂತಲೂ ಸೇರಿದೆ. ಅವರ ಸಮಿತಿಗಳು ಕೂತು ಬರೆದದ್ದು ಜಿ2ಎಸ್. ಹಿನ್ನೆಲೆಯಲ್ಲಿರುವ ಸರ್ವರ್‌ಗಳು ತಮ್ಮ ತಮ್ಮಲ್ಲಿ ಮಾತಾಡುವುದಕ್ಕೆ ಎಸ್2ಎಸ್, ಮೆಷಿನ್ ಒಳಗಿನ ನೋಟು ಓದುವ ಡಬ್ಬಿ, ಟಿಕೆಟ್ ಪ್ರಿಂಟರ್ ಇವಕ್ಕೆ ಜಿಡಿಎಸ್ ಅಂತಲೂ ಇವೆ. ಜಿ2ಎಸ್‌ನಲ್ಲಿ ಸಂದೇಶಗಳು ಎಕ್ಸ್‌ಎಂಎಲ್ ಅನ್ನೋ ಪಠ್ಯ ರೂಪದಲ್ಲಿ ಹೋಗುತ್ತವೆ, ಮಾಮೂಲಿ ನೆಟ್‌ವರ್ಕ್ ಕೇಬಲ್ ಸಾಕು. ಇಲ್ಲಿ ಮೆಷಿನ್ ಯಾರೂ ಕರೆಯದೆ ತಾನೇ ಮಾತು ಶುರು ಮಾಡಬಹುದು. ಸರ್ವರ್ 'ನನಗೆ ಇಂಥಿಂಥ ಸುದ್ದಿ ಬೇಕು' ಅಂತ ಮೊದಲೇ ಬರೆಸಿಟ್ಟಿರುತ್ತದೆ, ಆ ಸುದ್ದಿ ಆದಾಗ ಮೆಷಿನ್ ಕಳಿಸುತ್ತದೆ. ಆದ್ದರಿಂದ ಪೋಲಿಂಗ್ ಅನ್ನೋ ಮಾತು ಎಸ್‌ಎಎಸ್ ಪುಟದಲ್ಲಿ ಮಾತ್ರ ಇರಲಿ, ಜಿ2ಎಸ್ ಪುಟಕ್ಕೆ ಬರಬಾರದು.

ಇನ್ನು ಅತಿಥಿ ಆತಿಥೇಯ. ಹೋಸ್ಟ್ ಅಂದರೆ ಇಲ್ಲಿ ಸರ್ವರ್ ಅಷ್ಟೇ. ಒಂದೇ ಮೆಷಿನ್ ಹಲವು ಸರ್ವರ್ ಜೊತೆ ಮಾತಾಡಬಹುದು. ಆದರೆ ಅದರ ಒಂದೊಂದು ಭಾಗಕ್ಕೂ, ಪ್ರಿಂಟರ್‌ಗೆ, ನೋಟು ಡಬ್ಬಿಗೆ, ಒಂದೇ ಸರ್ವರ್ ಓನರ್. ಅದು ಹೇಳಿದರೆ ಆ ಭಾಗ ನಿಲ್ಲುತ್ತದೆ, ನಡೆಯುತ್ತದೆ. ಗೆಸ್ಟ್ ಆದ ಸರ್ವರ್ ವಿಚಾರಿಸಬಹುದು, ಸುದ್ದಿ ತರಿಸಿಕೊಳ್ಳಬಹುದು, ಆಜ್ಞೆ ಮಾಡುವಂತಿಲ್ಲ. ಇಲ್ಲಿ ಊಟ ಬಡಿಸುವವರೂ ಇಲ್ಲ, ತಿನ್ನುವವರೂ ಇಲ್ಲ. 'ಒಡೆಯ ಸರ್ವರ್', 'ನೋಡುಗ ಸರ್ವರ್' ಅಂದರೆ ಸಾಕಲ್ವಾ?

ಆರ್., ಬಸವನಗುಡಿ:

ನೋಡುಗ ಸರ್ವರ್ ಚೆನ್ನಾಗಿದೆ.

ಆದರೆ ಬಿ.ಎನ್. ಅವರ ಕಟ್ಟಳೆಯನ್ನು ಒಪ್ಪಲಾರೆ. ಕನ್ನಡದಲ್ಲಿ ಕಟ್ಟಳೆ ಅಂದರೆ ಮೀರಬಾರದ್ದು, ಮೀರಿದರೆ ದಂಡ. ಜಾತಿ ಕಟ್ಟಳೆ, ಮಠದ ಕಟ್ಟಳೆ ಅಂತೆಲ್ಲ ಕೇಳಿಲ್ಲವೇ? ಇಲ್ಲಿರುವುದು ನಾಲ್ಕು ಜನ ಸೇರಿ ಒಪ್ಪಿಕೊಂಡ ಅಳತೆ. ಅದಕ್ಕೆ ಮಾನಕ ಇದೆ. ಭಾರತೀಯ ಮಾನಕ ಬ್ಯೂರೋ ಅಂತ ಪೇಪರಿನವರೆಲ್ಲ ಬರೆಯುತ್ತಾರೆ, ಕುಕ್ಕರ್ ಕೊಳ್ಳುವವರಿಗೂ ಗೊತ್ತು. 'ಮುಕ್ತ ಮಾನಕ' ಅನ್ನಿ.

ಶಿಷ್ಟಾಚಾರವನ್ನಂತೂ ತೆಗೆದುಹಾಕಿ. ಅದು ವಿಧಾನಸೌಧದ ಪದ, ಆಹ್ವಾನ ಪತ್ರಿಕೆಯಲ್ಲಿ ಶಾಸಕರ ಹೆಸರು ಬಿಟ್ಟುಹೋದಾಗ ಮಾತ್ರ ನೆನಪಾಗುವಂಥದ್ದು.

ಗೇಮಿಂಗ್ ಬಗ್ಗೆ: 'ಪಣದಾಟ' ಅಂತ ಮಾಡಬಹುದು. ಜೂಜು ಅನ್ನೋದು ಸಂಸ್ಕೃತದ ದ್ಯೂತದ ತದ್ಭವ, ಅದಕ್ಕೆ ಅಂಟಿದ ಮಸಿ ಹೋಗಲ್ಲ. ಪಣ ಇನ್ನೂ ಮರ್ಯಾದಸ್ಥ ಪದ, ನಾವು ಪಣ ತೊಡುತ್ತೇವೆ, ಪ್ರಾಣ ಪಣಕ್ಕಿಡುತ್ತೇವೆ. ಅಲ್ಲದೆ ಈ ಪಣವೇ ನಮ್ಮ ಹಣ. ಪಾಲ್ ಹಾಲಾಯಿತು, ಪೂ ಹೂವಾಯಿತು, ಪಣ ಹಣವಾಯಿತು. ಸಂಸ್ಕೃತದಿಂದ ಬಂದು ಕನ್ನಡದ ಮೈ ಪಡೆದ ಪದ. ಇದಕ್ಕಿಂತ ಒಳ್ಳೆಯದು ಸಿಗಲಾರದು.

ಬಿ.ಎನ್., ಮಲ್ಲೇಶ್ವರ:

ಪಣ ಸಕ್ಕದದಿಂದ ಬಂತು ಅಂತ ಯಾರು ಹೇಳಿದ್ದು ಮೇಷ್ಟ್ರೇ? ತಮಿಳರಿಗೆ ಪಣಂ ಇದೆ, ಮಲಯಾಳದವರಿಗೆ ಪಣಂ ಇದೆ, ನಮಗೆ ಹಣ ಇದೆ. ಅವರು ನಮ್ಮಿಂದ ಎತ್ತಿಕೊಂಡಿರಬಾರದೇಕೆ? ಎಲ್ಲವೂ ಅಲ್ಲಿಂದಲೇ ಇಳಿದು ಬಂತು ಅನ್ನೋದು ಹಳೇ ರೋಗ.

ಆರ್., ಬಸವನಗುಡಿ:

'ಇರಬಾರದೇಕೆ' ಅನ್ನೋದು ವಾದ ಅಲ್ಲ.

ಕೆ.ವಿ., ವೈಟ್‌ಫೀಲ್ಡ್:

ಮೇಷ್ಟ್ರೇ, ಮಾನಕ ಸರಿ, ಮುಕ್ತ ಬೇಡ. 'ಮುಕ್ತ ತಂತ್ರಾಂಶ' ಓದಿದವರು ಇದನ್ನೂ ಪುಕ್ಕಟೆ, ಯಾರು ಬೇಕಾದರೂ ತಿದ್ದಬಹುದು ಅಂದುಕೊಳ್ಳುತ್ತಾರೆ. ಇಲ್ಲಿ ಯಾರೂ ತಿದ್ದುವಂತಿಲ್ಲ. ತಿದ್ದಬೇಕಾದರೆ ಸಂಘದ ಸಮಿತಿಯ ಮುಂದೆ ಹೋಗಬೇಕು. ಮೆಷಿನ್ನು ಒಂದು ಕಂಪನಿಯದು, ಲೆಕ್ಕದ ಸರ್ವರ್ ಇನ್ನೊಂದು ಕಂಪನಿಯದು, ಆದರೂ ಎರಡೂ ಹೊಂದಿಕೊಳ್ಳಬೇಕು, ಓಪನ್ ಅನ್ನೋದರ ತಿರುಳು ಅಷ್ಟೇ. 'ಎಲ್ಲ ಕಂಪನಿಗಳಿಗೂ ಒಂದೇ ಮಾನಕ' ಅಂತ ಒಂದು ಸಲ ಬಿಡಿಸಿ ಬರೆದು, ಆಮೇಲೆ 'ಸಾಮಾನ್ಯ ಮಾನಕ' ಅಂತ ಸಾಗಲಿ. ಪ್ರೋಟೋಕಾಲ್ ಅನ್ನು ಮುಟ್ಟಲೇಬೇಡಿ. ಆ ಹುಡುಗರು ದಿನಾ ಆಡುವ ಮಾತು ಅದು, ಮೆಷಿನ್ನಿನ ಮೆನುವಿನಲ್ಲೂ ಅದೇ ಇರುತ್ತದೆ. ಅಲ್ಲಿ ಇಂಗ್ಲಿಷಿನಲ್ಲಿ ಒಂದು ನೋಡಿ ಪುಸ್ತಕದಲ್ಲಿ ಮಾತುಕಟ್ಟಳೆ ಹುಡುಕು ಅಂದರೆ ಯಾರು ಹುಡುಕುತ್ತಾರೆ?

ಕಾಯಿನ್ ಇನ್ ಬಗ್ಗೆ ಯಾರೂ ಮಾತಾಡಿಲ್ಲ, ಅಸಲಿ ಅಪಾಯ ಇರೋದು ಅಲ್ಲೇ. ನಿಮ್ಮ ಕರಡಿನಲ್ಲಿ ಏನಿದೆ?

ಸು., ಜೆ.ಪಿ. ನಗರ:

'ಒಳಹೋದ ನಾಣ್ಯ' ಅಂತಿದೆ.

ಕೆ.ವಿ., ವೈಟ್‌ಫೀಲ್ಡ್:

ಅದು ತಪ್ಪು, ಈಗಲೇ ತೆಗೆಯಿರಿ. ಕಾಯಿನ್ ಇನ್ ಅಂದರೆ ಮೆಷಿನ್ ಒಳಗೆ ಬಿದ್ದ ದುಡ್ಡಲ್ಲ. ಆಡಿದವರು ಕಟ್ಟಿದ ಒಟ್ಟು ಪಣ. ಒಬ್ಬ 1,000 ರೂಪಾಯಿ ಹಾಕಿ ಆಟಕ್ಕೆ 10 ರೂಪಾಯಿಯಂತೆ ಆಡುತ್ತಾನೆ ಅನ್ನಿ. ನಡುನಡುವೆ ಗೆದ್ದದ್ದನ್ನೇ ಮತ್ತೆ ಕಟ್ಟಿ 250 ಆಟ ಆಡಿದರೆ ಕಾಯಿನ್ ಇನ್ 2,500 ತೋರಿಸುತ್ತದೆ. ಪೆಟ್ಟಿಗೆಯಲ್ಲಿ ಇರುವುದು 1,000 ಮಾತ್ರ. 'ಒಳಹೋದ ನಾಣ್ಯ' ಅಂತ ಓದಿದ ಹುಡುಗ 1,500 ಎಲ್ಲಿ ಹೋಯಿತು ಅಂತ ರಾತ್ರಿಯೆಲ್ಲ ಹುಡುಕುತ್ತಾನೆ, ಇಲ್ಲವೇ ಯಾರ ಮೇಲೋ ಕಳ್ಳತನದ ಅನುಮಾನ ಬೀಳುತ್ತದೆ. ನಾಣ್ಯದ ಕಾಲ ಹೋಗಿ ನೋಟು, ಟಿಕೆಟ್ ಬಂದರೂ ಹೆಸರು ಮಾತ್ರ ಹಾಗೇ ಉಳಿದಿದೆ. 'ಒಟ್ಟು ಪಣ' ಅಂತ ಬರೆಯಿರಿ. ಮೇಷ್ಟ್ರ ಪದ ಅಲ್ಲಿ ಸರಿಯಾಗಿ ಕೂರುತ್ತದೆ. ಕಾಯಿನ್ ಔಟ್ 'ಒಟ್ಟು ಗೆಲುವು'.

ಮತ್ತೆ ಈ ಲೆಕ್ಕ ತೋರಿಸುವ ಮೀಟರ್‌ಗಳು ಏರುತ್ತಲೇ ಹೋಗುವಂಥವು, ದಿನಾ ಸೊನ್ನೆಗೆ ಬರಲ್ಲ. ಇವತ್ತಿನ ಅಂಕಿಯಿಂದ ನಿನ್ನೆಯದನ್ನು ಕಳೆದರೆ ದಿನದ ಲೆಕ್ಕ. ಅದನ್ನೂ ಒಂದು ಸಾಲು ಸೇರಿಸಿ.

ಬಿ.ಎನ್., ಮಲ್ಲೇಶ್ವರ:

ಮೀಟರ್‌ಗೆ ಅಳೆಕ.

ಕೆ.ವಿ., ವೈಟ್‌ಫೀಲ್ಡ್:

ಸಾರ್, ಬೆಂಗಳೂರಲ್ಲಿ ಇದ್ದುಕೊಂಡು ಮೀಟರ್‌ಗೆ ಕನ್ನಡ ಕೇಳುವವರು ಆಟೋ ಹತ್ತಿಯೇ ಇಲ್ಲ ಅಂತ ಕಾಣುತ್ತದೆ.

ಬಿ.ಎನ್., ಮಲ್ಲೇಶ್ವರ:

ಹತ್ತಿದ್ದೇನೆ. ಮೀಟರ್ ಹಾಕಿದ್ದನ್ನು ಮಾತ್ರ ನೋಡಿಲ್ಲ.

ಅದಿರಲಿ, ನೀವು ಹೇಳುವ ಹಾಜರಿ ಕೂಡ ಕನ್ನಡದ್ದಲ್ಲ, ಅರಬ್ಬಿ. ಇಂಗ್ಲಿಷ್ ಬೇಡ ಅಂದಾಗ ಅರಬ್ಬಿಗೆ ಹೋಗುತ್ತೀರಿ, ಅರಬ್ಬಿ ಬೇಡ ಅಂದರೆ ಮೇಷ್ಟ್ರು ಸಕ್ಕದ ಹಿಡಿದು ನಿಂತಿರುತ್ತಾರೆ. ಕನ್ನಡದ ಬೇರಿನಿಂದ ಪದ ಕಟ್ಟೋಣ ಅಂದವನು ಮಾತ್ರ ತಮಾಷೆಯ ವಸ್ತು. ಹೀಗೆ ಎಲ್ಲದಕ್ಕೂ ಎರವಲು ತಂದರೆ ಕನ್ನಡಕ್ಕೆ ಉಳಿಯೋದು ಬರೀ ವಿಭಕ್ತಿ ಪ್ರತ್ಯಯ.

ಸು., ಜೆ.ಪಿ. ನಗರ:

ಹಾಜರಿ ಅರಬ್ಬಿ ಇರಬಹುದು ಬಿ.ಎನ್. ಅವರೇ, ನಮ್ಮ ಅಜ್ಜಿಗೆ ಅದು ಗೊತ್ತಿರಲಿಲ್ಲ. ಜಮಾ, ಖರ್ಚು, ಬಾಕಿ, ನಗದು ಎಲ್ಲ ತೆಗೆದುಹಾಕಿ ಲೆಕ್ಕದ ಪುಸ್ತಕ ಬರೆಯಿರಿ ನೋಡೋಣ. ಈ ಕೈಪಿಡಿ ಅರ್ಧ ಲೆಕ್ಕದ್ದೇ. ಗೋವಾದಲ್ಲಿ ಮೆಷಿನ್ ಬಾಗಿಲು ತೆಗೆಯುವ ಹುಡುಗನ ಕೈಯಲ್ಲಿರುವ ಚಾವಿ, ಅವನು ಟೂಲ್ಸ್ ಇಡುವ ಮೇಜು, ಎರಡೂ ಪೋರ್ಚುಗೀಸ್. ಅವನ್ನು ಯಾರೂ ವಾಪಸ್ ಕಳಿಸಲಿಲ್ಲ.

ಆದರೆ ನಿಮ್ಮ ಮಾತಿನಲ್ಲಿ ಒಂದನ್ನು ಒಪ್ಪುತ್ತೇನೆ. ಕೆ.ವಿ. ಹೇಳಿದ 'ಮೊದಲೇ ಬರೆಸಿಟ್ಟ ಸುದ್ದಿ'ಗೆ ಕಂಪ್ಯೂಟರ್ ಕರಡು 'ಘಟನಾ ಚಂದಾದಾರಿಕೆ' ಅಂತ ಕೊಟ್ಟಿದೆ. ಅದನ್ನು ಓದಿದರೆ ಮೆಷಿನ್ನು ವಾರಪತ್ರಿಕೆ ತರಿಸುತ್ತದೆ ಅನಿಸುತ್ತದೆ. ಅಲ್ಲಿ ಕನ್ನಡದ್ದೇ ಬೇಕು. 'ಸುದ್ದಿ ಕೋರಿಕೆ' ಅಂತ ಮಾಡಿದ್ದೇನೆ.

ಆರ್., ಬಸವನಗುಡಿ:

ಕೋರಿಕೆ ಬೇಡಿಕೊಂಡ ಹಾಗಾಗುತ್ತದೆ. ಒಡೆಯ ಸರ್ವರ್ ಕೋರುವುದೇ? 'ಸುದ್ದಿ ಪಟ್ಟಿ' ಸಾಕು. ಗೇಮಿಂಗ್ ಏನು ಮಾಡಿದಿರಿ?

ಸು., ಜೆ.ಪಿ. ನಗರ:

ಸುದ್ದಿ ಪಟ್ಟಿ ತಗೊಂಡೆ ಸರ್, ಥ್ಯಾಂಕ್ಸ್.

ಪಣದಾಟ ವಕೀಲರಿಗೆ ಕಳಿಸಿದ್ದೆ. 'ಪಣ ಅಂದರೆ ಬೆಟ್ಟಿಂಗ್ ಅಲ್ಲವೇ' ಅಂತ ಕೇಳಿದರು. ಕ್ಯಾಸಿನೊ ಬಗ್ಗೆ ಬರೆದ ಪುಸ್ತಕದಲ್ಲಿ ಬೆಟ್ಟಿಂಗ್ ವಾಸನೆ ಬರಬಾರದಂತೆ! ನಮ್ಮ 1963ರ ಪೊಲೀಸ್ ಕಾಯ್ದೆಯ ಇಂಗ್ಲಿಷಿನಲ್ಲಿ ಇರುವುದೂ ಗೇಮಿಂಗ್ ಅಂತಲೇ, ಅದರ ಕೆಳಗೆ ಹಿಡಿದು ತಂದವರನ್ನು ಪೇಪರಿನವರು ಜೂಜುಕೋರರು ಅಂತಲೇ ಬರೆಯೋದು ಅಂತ ಹೇಳಿದೆ. ಅದಕ್ಕೇ ಬೇಡ ಅಂದರು. ಕೊನೆಗೆ ಬರೀ 'ಕ್ಯಾಸಿನೊ ಆಟ'. ಸಂಘದ ಹೆಸರನ್ನು ಅನುವಾದ ಮಾಡದೆ ಕನ್ನಡ ಲಿಪಿಯಲ್ಲಿ ಹಾಗೇ ಬಿಟ್ಟಿದ್ದೇನೆ. ಒಟ್ಟು ಪಣ ಮಾತ್ರ ಮೀಟರ್ ಪುಟದಲ್ಲಿದೆ, ಅಷ್ಟು ಒಳಗೆ ವಕೀಲರು ಓದಲ್ಲ.

ಮಾನಕ ಉಳಿಯಿತು, ಪ್ರೋಟೋಕಾಲ್ ಉಳಿಯಿತು, ಒಡೆಯ ಮತ್ತು ನೋಡುಗ ಬಂದರು, ಹಾಜರಿಯೂ ಬಂತು. ಫೈಲ್ ಪ್ರೆಸ್‌ಗೆ ಹೋಯಿತು.

ಬಿ.ಎನ್., ಮಲ್ಲೇಶ್ವರ:

ಮಾನಕ ಒಪ್ಪಲಿಲ್ಲ, ಒಪ್ಪುವುದೂ ಇಲ್ಲ. ಹಿಂದಿಯವರು ಕಟ್ಟಿ ಬೋರ್ಡಿಗೆ ಹಾಕಿದ್ದನ್ನು ನಾವು ನಮ್ಮದು ಅಂತ ಹೊತ್ತುಕೊಂಡದ್ದು.

ಆರ್., ಬಸವನಗುಡಿ:

ಮಾನ ಅಂದರೆ ಅಳತೆ ಅನ್ನೋದು ಹಿಂದಿ ಹುಟ್ಟುವ ಮೊದಲೇ ಇದೆ. ತಾಪಮಾನ, ಪರಿಮಾಣ ಇವನ್ನೂ ಹಿಂದಿಗೆ ಬರೆದುಕೊಡಿ ಹಾಗಾದರೆ. ಪಣದ ವಿಷಯಕ್ಕೂ ನೀವು ಇನ್ನೂ ಉತ್ತರ ಕೊಟ್ಟಿಲ್ಲ.

ನಿರ್ವಾಹಕರು:

ಕೇಳಿದ ಪದಗಳು ಸಿಕ್ಕಿವೆ, ಪುಸ್ತಕವೂ ಅಚ್ಚಿಗೆ ಹೋಗಿದೆ. ಪಣ-ಹಣದ ಜಗಳಕ್ಕೆ ಬೇರೆ ಎಳೆ ತೆರೆಯಿರಿ, ಇದನ್ನು ಮುಚ್ಚುತ್ತಿದ್ದೇನೆ.

ಬಿ.ಎನ್., ಮಲ್ಲೇಶ್ವರ:

ಆಗಲೇ ತೆರೆದಿದ್ದೇನೆ. ಮೇಷ್ಟ್ರು ಅಲ್ಲಿಗೆ ಬರಲಿ, ನಿಘಂಟು ತಗೊಂಡೇ ಬರಲಿ.